ತಿರುಗುವ ಆಕಾಶವನ್ನು ನಿಲ್ಲಿಸಿದ ಬಗೆ

ರಾತ್ರಿಯ ಆಕಾಶಕ್ಕೆ ಕ್ಯಾಮೆರಾ ಗುರಿಯಿಟ್ಟು ಹತ್ತು ನಿಮಿಷ ತೆರೆದಿಟ್ಟರೆ ನಕ್ಷತ್ರಗಳು ಚುಕ್ಕೆಗಳಾಗಿ ಉಳಿಯುವುದಿಲ್ಲ. ಬಾಗಿದ ಗೆರೆಗಳಾಗಿ ಮೂಡುತ್ತವೆ. ತಪ್ಪು ಕ್ಯಾಮೆರಾದ್ದಲ್ಲ, ನಕ್ಷತ್ರಗಳದ್ದೂ ಅಲ್ಲ. ನಾವು ನಿಂತ ನೆಲವೇ ತಿರುಗುತ್ತಿದೆ. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿಯ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು. ಆದ್ದರಿಂದ ಆಕಾಶ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತದೆ. ಹುಣ್ಣಿಮೆ ಚಂದ್ರನ ಅಗಲದಷ್ಟು ದೂರವನ್ನು ಎರಡೇ ನಿಮಿಷದಲ್ಲಿ ದಾಟುತ್ತದೆ.

ಬರಿಗಣ್ಣಿಗೆ ಈ ಚಲನೆ ಅರಿವಾಗದು. ದೂರದರ್ಶಕ ಮಾತ್ರ ನಕ್ಷತ್ರವನ್ನು ಹಿಗ್ಗಿಸುವಂತೆಯೇ ಅದರ ಓಟವನ್ನೂ ಹಿಗ್ಗಿಸುತ್ತದೆ. ಫಿಲ್ಮಿನ ಕಾಲದ ಹವ್ಯಾಸಿಗಳು ಒಂದು ಸುಲಭ ಸೂತ್ರ ಇಟ್ಟುಕೊಂಡಿದ್ದರು: 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಗೆರೆ ಬೀಳದಂತೆ ತೆರೆದಿಡಬಹುದಾದ ಸೆಕೆಂಡುಗಳು ಸಿಗುತ್ತವೆ. 50 ಮಿ.ಮೀ. ಲೆನ್ಸಿಗೆ 10 ಸೆಕೆಂಡು, 1000 ಮಿ.ಮೀ. ನಾಭಿದೂರದ ದೂರದರ್ಶಕಕ್ಕೆ ಕೇವಲ ಅರ್ಧ ಸೆಕೆಂಡು. ಇಂದಿನ ಡಿಜಿಟಲ್ ಕ್ಯಾಮೆರಾಗಳ ಸೂಕ್ಷ್ಮತೆಗೆ ಅದೂ ಹೆಚ್ಚೇ. ಅರ್ಧ ಸೆಕೆಂಡಿನಲ್ಲಿ ಮಸುಕಾದ ನೀಹಾರಿಕೆಯ ಬೆಳಕು ಎಷ್ಟು ತಾನೇ ಸೇರೀತು?

ಇದಕ್ಕೆ ಉತ್ತರ ಛಾಯಾಚಿತ್ರಕಲೆಗಿಂತ ಹಳೆಯದು. ಜರ್ಮನಿಯ ಫ್ರಾನ್‌ಹೋಫರ್ 1824ರಲ್ಲಿ ಇಂದಿನ ಎಸ್ಟೋನಿಯದ ಡೋರ್ಪಾಟ್ ವೀಕ್ಷಣಾಲಯಕ್ಕೆ ಒಂದು ದೂರದರ್ಶಕ ಕಟ್ಟಿಕೊಟ್ಟ. ಅದು ತಿರುಗುವ ಅಚ್ಚನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆಯಾಗಿಟ್ಟು, ಇಳಿಯುವ ತೂಕದ ಬಲದಿಂದ ಓಡುವ ಗಡಿಯಾರ ಯಂತ್ರಕ್ಕೆ ಜೋಡಿಸಿದ್ದ. ಭೂಮಿ ಪೂರ್ವಕ್ಕೆ ಎಷ್ಟು ತಿರುಗುತ್ತದೋ ಕೊಳವೆ ಪಶ್ಚಿಮಕ್ಕೆ ಅಷ್ಟೇ ತಿರುಗುತ್ತಿತ್ತು. ಒಂದೇ ಅಚ್ಚು, ಒಂದೇ ವೇಗ. ನಕ್ಷತ್ರ ಇದ್ದಲ್ಲೇ ನಿಂತಿತು.

1850ರಲ್ಲಿ ಹಾರ್ವರ್ಡಿನ ವಿಲಿಯಂ ಬಾಂಡ್ ಮತ್ತು ಜಾನ್ ವಿಪಲ್ ಅಭಿಜಿತ್ ನಕ್ಷತ್ರದ ಚಿತ್ರವನ್ನು ಬೆಳ್ಳಿಯ ತಗಡಿನ ಮೇಲೆ ಇಳಿಸಿದರು. 1880ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ ಮಹಾವ್ಯಾಧ ನೀಹಾರಿಕೆಯನ್ನು 51 ನಿಮಿಷ ಹಿಂಬಾಲಿಸಿ ಚಿತ್ರ ತೆಗೆದ. ಮೂರು ವರ್ಷಗಳ ನಂತರ ಇಂಗ್ಲೆಂಡಿನ ಎಂಜಿನಿಯರ್ ಆಂಡ್ರೂ ಕಾಮನ್ ಅದೇ ನೀಹಾರಿಕೆಯ ಚಿತ್ರದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳನ್ನೂ ಹಿಡಿದ. 1888ರಲ್ಲಿ ಐಸಾಕ್ ರಾಬರ್ಟ್ಸ್ ತೆಗೆದ ಆಂಡ್ರೊಮಿಡಾ ಚಿತ್ರ ಅದರ ಸುರುಳಿಯಾಕಾರವನ್ನು ಜಗತ್ತಿಗೆ ತೋರಿಸಿತು. ಕಾಮನ್, ರಾಬರ್ಟ್ಸ್ ಇಬ್ಬರೂ ಹವ್ಯಾಸಿಗಳೆಂಬುದು ಗಮನಾರ್ಹ. ಮನುಷ್ಯನ ಕಣ್ಣು ಕಾಣದ್ದನ್ನು ಕ್ಯಾಮೆರಾ ಕಂಡದ್ದು ಹೀಗೆ, ತಾಳ್ಮೆಯಿಂದ ಹಿಂಬಾಲಿಸಿದ್ದರಿಂದ.

ಈಗ ನಮ್ಮ ಬಯಲುಸೀಮೆಗೆ ಬರೋಣ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಈ ನಾಲ್ಕೂ ಊರುಗಳು ಉತ್ತರ ಅಕ್ಷಾಂಶ 13.4ರಿಂದ 13.6 ಡಿಗ್ರಿಗಳ ನಡುವೆ ಇವೆ. ಯಾವ ಊರಿನ ಅಕ್ಷಾಂಶ ಎಷ್ಟೋ, ಅಲ್ಲಿ ಆಕಾಶದ ಧ್ರುವ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಹಾಗಾಗಿ ದೂರದರ್ಶಕದ ಅಚ್ಚನ್ನು ಹದಿಮೂರೂವರೆ ಡಿಗ್ರಿ ಎತ್ತಿ ಉತ್ತರಕ್ಕೆ ತಿರುಗಿಸಿದರೆ ನಾಲ್ಕು ಊರಿಗೂ ಸರಿಸುಮಾರು ಸಾಕು. ಕೈ ನೀಳವಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮ ಧ್ರುವ ನಕ್ಷತ್ರ ದಿಗಂತದಿಂದ ಒಂದೂವರೆ ಮುಷ್ಟಿಯಷ್ಟೂ ಮೇಲಿಲ್ಲ.

ತೊಡಕಿರುವುದು ಇಲ್ಲೇ. ಯುರೋಪಿನಲ್ಲಿ ಧ್ರುವ ನಕ್ಷತ್ರ ಆಕಾಶದಲ್ಲಿ ಬಹಳ ಎತ್ತರಕ್ಕಿರುತ್ತದೆ. ಇಲ್ಲಿ ಒಂದು ಬೆಟ್ಟ, ಒಂದು ನೀಲಗಿರಿ ತೋಪು, ಬೇಸಿಗೆಯ ಧೂಳು, ಏನಾದರೂ ಅದನ್ನು ಮರೆಮಾಡೀತು. ಕಂಡರೂ ಪುರಾಣದ ಧ್ರುವನಂತೆ ಅದು ಅಚಲವಲ್ಲ. ನಿಜವಾದ ಧ್ರುವಬಿಂದುವಿನಿಂದ ಸುಮಾರು ಮುಕ್ಕಾಲು ಡಿಗ್ರಿಯೊಳಗಿನ ದೂರದಲ್ಲಿ ಪುಟ್ಟ ಸುತ್ತು ಹಾಕುತ್ತದೆ. ಅದಕ್ಕೇ ಅನುಭವಿಗಳು ಬೇರೊಂದು ಉಪಾಯ ಹೂಡುತ್ತಾರೆ. ನೆತ್ತಿಯ ರೇಖೆಯ ಬಳಿಯ ನಕ್ಷತ್ರವೊಂದನ್ನು ಹೆಚ್ಚು ವರ್ಧನೆಯಲ್ಲಿ ಕೆಲಕಾಲ ನೋಡುತ್ತಾರೆ. ಅದು ದಕ್ಷಿಣಕ್ಕೆ ಜಾರಿದರೆ ಅಚ್ಚು ಧ್ರುವದ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ ವಾಲಿದೆ ಎಂದರ್ಥ. ಧ್ರುವ ಕಾಣದಿದ್ದರೂ ನಕ್ಷತ್ರದ ಜಾರುವಿಕೆಯೇ ದಾರಿ ತೋರುತ್ತದೆ.

ದುಬಾರಿ ಯಂತ್ರ ಕೊಳ್ಳಲಾಗದವರಿಗೂ ದಾರಿಯುಂಟು. ಸ್ಕಾಟ್ಲೆಂಡಿನ ಜಾರ್ಜ್ ಹೇಗ್ 1975ರಲ್ಲಿ ಪ್ರಕಟಿಸಿದ ಸಾಧನಕ್ಕೆ ಬೇಕಾದುದು ಎರಡು ಹಲಗೆ, ಬಾಗಿಲಿನ ಒಂದು ಹಿಂಜ್, ಒಂದು ಬೋಲ್ಟು. ಹಿಂಜ್‌ನ ಅಚ್ಚನ್ನು ಧ್ರುವದತ್ತ ತಿರುಗಿಸಿ, ಮೇಲಿನ ಹಲಗೆಗೆ ಕ್ಯಾಮೆರಾ ಬಿಗಿದು, ಬೋಲ್ಟನ್ನು ನಿಮಿಷಕ್ಕೊಂದು ಸುತ್ತು ತಿರುಗಿಸಬೇಕು. ಸುತ್ತಿಗೆ 1 ಮಿ.ಮೀ. ಮೇಲೇರುವ ಸಾಮಾನ್ಯ 6 ಮಿ.ಮೀ. ಬೋಲ್ಟನ್ನು ಹಿಂಜ್‌ನಿಂದ 228.5 ಮಿ.ಮೀ. ದೂರದಲ್ಲಿಟ್ಟರೆ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತದೆ. ದೂರದರ್ಶಕದ ಭಾರಕ್ಕೆ ಇದು ಸಾಲದು. ಸಾಧಾರಣ ಲೆನ್ಸಿಗೆ ಕೆಲವು ನಿಮಿಷ ಧಾರಾಳ ಸಾಕು. ಶಿಡ್ಲಘಟ್ಟದ ಯಾವ ಬಡಗಿಯೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲ ಸಾಧನವಿದು.

ಇದೇ ಸೀಮೆಯಲ್ಲಿ ಇದಕ್ಕೆ ತೀರ ವಿರುದ್ಧವಾದ ಉತ್ತರವೂ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಗೌರಿಬಿದನೂರಿನ ಬಳಿ 1976ರಿಂದ ನಡೆಸಿದ ರೇಡಿಯೊ ದೂರದರ್ಶಕದಲ್ಲಿ ತಿರುಗುವ ಭಾಗವೇ ಇರಲಿಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಲಕ್ಕೆ ನೆಟ್ಟ 1000 ಆಂಟೆನಾಗಳು: ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿ.ಮೀ. ಉದ್ದಕ್ಕೆ 640, ದಕ್ಷಿಣಕ್ಕೆ ಸುಮಾರು ಅರ್ಧ ಕಿ.ಮೀ. ಉದ್ದಕ್ಕೆ 360. ಅವು ಆಲಿಸಿದ್ದು ಸುಮಾರು 8.7 ಮೀಟರ್ ತರಂಗಾಂತರದ ಅಲೆಗಳನ್ನು. ಆಂಟೆನಾಗಳ ಸಂಕೇತಗಳ ಹೊಂದಾಣಿಕೆ ಬದಲಿಸಿ ಉತ್ತರಕ್ಕೋ ದಕ್ಷಿಣಕ್ಕೋ ದೃಷ್ಟಿ ಹೊರಳಿಸುತ್ತಿದ್ದರು. ಪೂರ್ವ ಪಶ್ಚಿಮದ ಕೆಲಸ ಭೂಮಿಯದು. ಆಕಾಶವೇ ಒಂದೊಂದು ಪಟ್ಟಿಯಾಗಿ ಮೇಲೆ ಹಾದುಹೋಗುತ್ತಿತ್ತು. ಛಾಯಾಗ್ರಾಹಕನಿಗೆ ಶತ್ರುವಾದ ತಿರುಗಾಟ ಇಲ್ಲಿ ಆಳಿನಂತೆ ದುಡಿಯಿತು. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಆಕಾಶದ ರೇಡಿಯೊ ನಕ್ಷೆ ಈ ಬಯಲಿನ ಫಸಲು. ಒಂದು ಆಕರ ನೋಟದಲ್ಲಿ ಉಳಿಯುತ್ತಿದ್ದುದು ಎರಡು ನಿಮಿಷದಷ್ಟು ಹೊತ್ತು ಮಾತ್ರ. ಹೆಚ್ಚು ಹೊತ್ತು ಬೇಕಾದಾಗ ಸಂಕೇತಗಳ ಮೂಲಕವೇ ಹಿಂಬಾಲಿಸುವ ವ್ಯವಸ್ಥೆಯನ್ನೂ ಮುಂದೆ ಅಳವಡಿಸಿದರು.

ಇಂದಿನ ಹವ್ಯಾಸಿಗಳೂ ಇದಕ್ಕೆ ಹತ್ತಿರದ ದಾರಿ ಹಿಡಿದಿದ್ದಾರೆ. ಕೆಲವೇ ಸೆಕೆಂಡುಗಳ ನೂರಾರು ಚಿತ್ರ ತೆಗೆದು, ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಕಂಪ್ಯೂಟರಿನಲ್ಲಿ ಹೊಂದಿಸಿ ಕೂಡಿಸುತ್ತಾರೆ. ಯಂತ್ರ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಲೆಕ್ಕ ಮಾಡುತ್ತದೆ.

ಗೆರೆಯ ಸಮಸ್ಯೆ ಹೀಗೆ ಬಹುಮಟ್ಟಿಗೆ ಬಗೆಹರಿದಿದೆ, ಬೆಳಕಿನದು ಹಾಗಿಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೆಂಗಳೂರು ಉತ್ತರಕ್ಕೆ ಬೆಳೆಯುತ್ತಿದೆ. ನಗರದ ಹೊಳಪು ಈ ಊರುಗಳ ದಕ್ಷಿಣ ದಿಗಂತವನ್ನು ಬೆಳಗಿಸುತ್ತದೆ. ಎಷ್ಟು ಹೊತ್ತು ಹಿಂಬಾಲಿಸಿದರೆ ನಕ್ಷತ್ರದ ಬೆಳಕಿನ ಜೊತೆಗೆ ಈ ಹೊಳಪೂ ಅಷ್ಟೇ ಕೂಡುತ್ತದೆ. ಯಾವ ಅಚ್ಚೂ ಇದನ್ನು ತಡೆಯಲಾರದು. ಬೀದಿದೀಪಕ್ಕೆ ಮೇಲಿನಿಂದ ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೆ ಇಳಿಸುವುದು ಮಾತ್ರ ತಡೆಯಬಲ್ಲದು. ಅದು ಖಗೋಳಜ್ಞರ ಕೆಲಸವಲ್ಲ. ಪುರಸಭೆ, ಪಂಚಾಯಿತಿಗಳ ಕೆಲಸ. ನಾಲ್ಕು ತಾಲ್ಲೂಕುಗಳ ಉತ್ತರದ ಆಕಾಶದಲ್ಲಿ ಇನ್ನೂ ಉಳಿದಿರುವ ಕತ್ತಲು ಆ ತೀರ್ಮಾನಕ್ಕೆ ಕಾದಿದೆ.