ಎರಡು ಕೈ ಕೇಳುವ ಈಜು, ಒಂದು ಕೈ ಸಾಲದ ಈಜುಗಾರ

ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಹುಡುಗರು ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ವಿದುರಾಶ್ವತ್ಥದ ಪಕ್ಕದಲ್ಲಿ ಹರಿಯುವ ಉತ್ತರ ಪಿನಾಕಿನಿ ತುಂಬಿ ಬಂದರೆ ಅಲ್ಲಿಯೂ ಧುಮುಕುವವರಿದ್ದರು. ಇವರಿಗೆಲ್ಲ ಕಪ್ಪೆಯೇ ಗುರು. ಕೈಗಳನ್ನು ಮುಂದಕ್ಕೆ ಚಾಚಿ ನೀರನ್ನು ಎರಡೂ ಬದಿಗೆ ಸರಿಸುವುದು, ಮಂಡಿ ಮಡಿಸಿ ಕಾಲುಗಳಿಂದ ಹಿಂದಕ್ಕೆ ಒದೆಯುವುದು. ಈ ಕಪ್ಪೆ ಈಜಿಗೇ ಸ್ಪರ್ಧೆಯ ಭಾಷೆಯಲ್ಲಿ ‘ಬ್ರೆಸ್ಟ್‌ಸ್ಟ್ರೋಕ್’ ಎಂದು ಹೆಸರು.

ನೋಡಲು ಸರಳವಾದ ಈ ಈಜು ನಿಯಮಗಳ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಎರಡೂ ಕೈಗಳು ಒಟ್ಟಿಗೆ, ಒಂದೇ ಮಟ್ಟದಲ್ಲಿ ಚಲಿಸಬೇಕು. ಕಾಲುಗಳೂ ಹಾಗೆಯೇ. ಗೋಡೆಯನ್ನು ಎರಡೂ ಕೈಗಳಿಂದ ಒಮ್ಮೆಲೇ ಮುಟ್ಟಬೇಕು. ಒಂದು ಕೈ ಮೊದಲು ತಗುಲಿದರೂ ಈಜುಗಾರ ಸ್ಪರ್ಧೆಯಿಂದ ಹೊರಗೆ. ಹೀಗಿರುವಾಗ, ಹುಟ್ಟಿನಿಂದಲೇ ಎಡಗೈ ಪೂರ್ತಿ ಬೆಳೆಯದ ಹುಡುಗನೊಬ್ಬ ಈ ಸ್ಪರ್ಧೆಯಲ್ಲಿ ಏಷ್ಯಾ ಮಟ್ಟದ ಪದಕ ಗೆಲ್ಲುವುದು ಸಾಧ್ಯವೇ? ಸಾಧ್ಯ ಎಂದು ತೋರಿಸಿದವರು 1991ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶರತ್ ಗಾಯಕವಾಡ್. ಅವರ ಸಾಧನೆ ಅರ್ಥವಾಗಬೇಕಾದರೆ ಈ ಈಜಿನ ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು.

ಹಳೆಯ ಈಜು, ಹೊಸ ನಿಯಮ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈಜು ಎಂದರೆ ಬ್ರೆಸ್ಟ್‌ಸ್ಟ್ರೋಕ್ ಎಂದೇ ಅರ್ಥವಿತ್ತು. 1875ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ್ದು ಇದೇ ಶೈಲಿಯಲ್ಲಿ. ತಗುಲಿದ ಸಮಯ 21 ಗಂಟೆ 45 ನಿಮಿಷ. ತೋಳುಗಳನ್ನು ಒಂದಾದ ಮೇಲೊಂದರಂತೆ ನೀರಿನ ಮೇಲೆ ಬೀಸುವ ಶೈಲಿ ಬಂದ ಮೇಲೆ ವೇಗದಲ್ಲಿ ಬ್ರೆಸ್ಟ್‌ಸ್ಟ್ರೋಕ್ ಹಿಂದೆ ಬಿತ್ತು. ಇಂದಿಗೂ ನಾಲ್ಕು ಸ್ಪರ್ಧಾ ಶೈಲಿಗಳಲ್ಲಿ ಇದೇ ಅತಿ ನಿಧಾನದ್ದು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ಸ್ಪರ್ಧೆ ಬಂತು. ಮಹಿಳೆಯರು 1924ರ ತನಕ ಕಾಯಬೇಕಾಯಿತು.

ನಿಧಾನದ ಈಜನ್ನು ವೇಗಗೊಳಿಸಲು ಈಜುಗಾರರು ಹುಡುಕಿದ ಉಪಾಯಗಳೂ, ಅವುಗಳನ್ನು ತಡೆಯಲು ಬಂದ ನಿಯಮಗಳೂ ಸೇರಿದರೆ ಬ್ರೆಸ್ಟ್‌ಸ್ಟ್ರೋಕ್ ಚರಿತ್ರೆ. 1930ರ ದಶಕದಲ್ಲಿ ಕೆಲವರು ಎರಡೂ ತೋಳುಗಳನ್ನು ಒಟ್ಟಿಗೆ ನೀರಿನಿಂದ ಮೇಲೆತ್ತಿ ಬೀಸತೊಡಗಿದರು. ಮುಂದೆ 1952ರಲ್ಲಿ ಅದನ್ನು ‘ಬಟರ್‌ಫ್ಲೈ’ ಎಂಬ ಬೇರೆಯೇ ಶೈಲಿಯಾಗಿ ವಿಂಗಡಿಸಲಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಸಾರು ಫುರುಕವಾ ಬಹುಪಾಲು ದೂರವನ್ನು ನೀರಿನಡಿಯಲ್ಲೇ ಕ್ರಮಿಸಿ 200 ಮೀಟರ್ ಚಿನ್ನ ಗೆದ್ದರು. ಆ ಬಳಿಕ ನೀರಿನಡಿಯ ಈಜಿಗೂ ಕಡಿವಾಣ ಬಿತ್ತು. ಎಲ್ಲರೂ ಒಂದೇ ಅಳತೆಗೆ ಒಳಪಡಬೇಕು ಎಂಬುದೇ ಈ ನಿಯಮಗಳೆಲ್ಲದರ ಹಿಂದಿನ ಆಶಯ.

ಆದರೆ ದೇಹಗಳೇ ಒಂದೇ ಅಳತೆಯವಲ್ಲದಿದ್ದರೆ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡದ್ದು ಅಂಗವಿಕಲರ ಕ್ರೀಡಾಕೂಟಗಳು.

ವರ್ಗೀಕರಣದ ಲೆಕ್ಕ

1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆದಾಗಲೇ ಈಜು ಅದರ ಭಾಗವಾಗಿತ್ತು. ಈಗಿನ ಪದ್ಧತಿಯಲ್ಲಿ ದೈಹಿಕ ಕೊರತೆಯುಳ್ಳ ಈಜುಗಾರರನ್ನು ಪರೀಕ್ಷಿಸಿ, ನೀರಿನಲ್ಲಿ ಅವರ ಶಕ್ತಿ ಎಷ್ಟೆಂದು ನೋಡಿ ವರ್ಗಗಳಾಗಿ ವಿಂಗಡಿಸುತ್ತಾರೆ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈಗೆ ಎಸ್-1ರಿಂದ ಎಸ್-10. ಬ್ರೆಸ್ಟ್‌ಸ್ಟ್ರೋಕ್‌ಗೆ ಮಾತ್ರ ಬೇರೆ ಪಟ್ಟಿ: ಎಸ್‌ಬಿ-1ರಿಂದ ಎಸ್‌ಬಿ-9. ಅಂಕಿ ಚಿಕ್ಕದಾದಷ್ಟೂ ಕೊರತೆ ಹೆಚ್ಚು.

ಬ್ರೆಸ್ಟ್‌ಸ್ಟ್ರೋಕ್‌ಗೆ ಪ್ರತ್ಯೇಕ ಲೆಕ್ಕ ಏಕೆ? ಉಳಿದ ಶೈಲಿಗಳಿಗಿಂತ ಇಲ್ಲಿ ಕಾಲಿನ ಒದೆತದ ಪಾಲು ಹೆಚ್ಚು. ಹೀಗಾಗಿ ಒಂದೇ ಬಗೆಯ ಕೊರತೆ ಬೇರೆ ಬೇರೆ ಶೈಲಿಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬಾಧಿಸುತ್ತದೆ. ಕಾಲಿನಲ್ಲಿ ಬಲವಿಲ್ಲದವನಿಗೆ ಈ ಈಜು ಕಷ್ಟ. ಕೈ ಚಿಕ್ಕದಾದವನಿಗೆ ಕಾಲು ಆಸರೆ. ಆದರೂ ಸಮಸ್ಯೆ ಮುಗಿಯಲಿಲ್ಲ. ಒಂದು ಕೈ ಹೆಚ್ಚು ನೀರು ತಳ್ಳಿ ಇನ್ನೊಂದು ಕಡಿಮೆ ತಳ್ಳಿದರೆ ದೇಹ ಪಕ್ಕಕ್ಕೆ ವಾಲುತ್ತದೆ. ಪ್ರತಿ ಸುತ್ತಿನಲ್ಲೂ ಅದನ್ನು ಸೊಂಟ ಮತ್ತು ಕಾಲಿನಿಂದ ಸರಿಪಡಿಸಿಕೊಂಡು ನೇರ ಸಾಗಬೇಕು. ಗೋಡೆ ಮುಟ್ಟುವ ನಿಯಮವನ್ನೂ ಇಂಥವರಿಗಾಗಿ ಹೊಂದಿಸಲಾಗಿದೆ. ತೋಳುಗಳೆರಡನ್ನೂ ಒಟ್ಟಿಗೆ ಮುಂದೆ ಚಾಚಬೇಕು, ಆದರೆ ಉದ್ದದ ಕೈ ಮುಟ್ಟಿದರೆ ಸಾಕು.

ಬೆಂಗಳೂರಿನಿಂದ ಇಂಚೆನ್‌ಗೆ

ಶಾಲೆಯ ದಿನಗಳಲ್ಲೇ ನೀರಿಗಿಳಿದ ಶರತ್, ತರಬೇತುದಾರ ಜಾನ್ ಕ್ರಿಸ್ಟೋಫರ್ ಅವರ ಕೈಯಲ್ಲಿ ಪಳಗಿದರು. 2010ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಈಜುಗಾರರೆಂದರೆ ಅವರೊಬ್ಬರೇ.

ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದದ್ದೂ ಈಜೇ ಎಂಬುದನ್ನು ಇಲ್ಲಿ ನೆನೆಯಬೇಕು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಗೆದ್ದಿದ್ದರು. ಅದಾಗಿ ನಲವತ್ತು ವರ್ಷಗಳ ನಂತರವೂ ತಂಡದಲ್ಲಿ ಒಬ್ಬನೇ ಈಜುಗಾರ! ಲಂಡನ್‌ನಲ್ಲಿ ಶರತ್‌ಗೆ ಪದಕ ಬರಲಿಲ್ಲ. ಆ ಕೂಟದಲ್ಲಿ ಭಾರತದ ಏಕೈಕ ಪದಕ ಗೆದ್ದವರು ಹಾಸನ ಜಿಲ್ಲೆಯ ಎತ್ತರ ಜಿಗಿತಗಾರ ಎಚ್.ಎನ್. ಗಿರೀಶ.

ಶರತ್ ಅವರ ದಿನ ಬಂದದ್ದು 2014ರ ಅಕ್ಟೋಬರ್‌ನಲ್ಲಿ, ದಕ್ಷಿಣ ಕೊರಿಯಾದ ಇಂಚೆನ್‌ನಲ್ಲಿ. ಅಲ್ಲಿನ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಅವರು ಒಟ್ಟು ಆರು ಪದಕ ಗೆದ್ದರು. ನಾಲ್ಕೂ ಶೈಲಿಗಳಲ್ಲಿ ಈಜಬೇಕಾದ 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಬೆಳ್ಳಿ. 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ, 50 ಮೀಟರ್ ಫ್ರೀಸ್ಟೈಲ್ ಮತ್ತು ಮೆಡ್ಲೆ ರಿಲೇಗಳಲ್ಲಿ ಕಂಚು.

1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ನಾಲ್ಕು ಚಿನ್ನ, ಒಂದು ಬೆಳ್ಳಿ ಸೇರಿ ಐದು ಪದಕ ಪಡೆದಿದ್ದರು. ಆ ಸಂಖ್ಯೆಯನ್ನು ಶರತ್ ದಾಟಿದರು ಎಂದು ಆಗ ಪತ್ರಿಕೆಗಳು ಬರೆದವು. ಚಿನ್ನಕ್ಕೂ ಕಂಚಿಗೂ ಇರುವ ಅಂತರ ಓದುಗರಿಗೆ ತಿಳಿಯದ್ದಲ್ಲ. ಇದಕ್ಕಿಂತ ಹೆಚ್ಚು ಅರ್ಥಪೂರ್ಣ ಹೋಲಿಕೆ ಇನ್ನೊಂದಿದೆ. ಅದೇ ಇಂಚೆನ್‌ನಲ್ಲಿ, ಕೆಲವೇ ವಾರಗಳ ಮೊದಲು ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸಂದೀಪ್ ಸೆಜ್ವಾಲ್ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದಿದ್ದರು. ದೆಹಲಿಯಲ್ಲಿ ಹುಟ್ಟಿದ ಸೆಜ್ವಾಲ್ ಕೂಡ ಬೆಂಗಳೂರಿನಲ್ಲಿ ನಿಹಾರ್ ಅಮೀನ್ ಅವರ ಬಳಿ ಪಳಗಿದವರು. ಒಂದೇ ನಗರದ ಕೊಳಗಳಿಂದ ಹೊರಟು, ಒಂದೇ ಊರಿನಲ್ಲಿ, ಒಂದೇ ಶೈಲಿಯಲ್ಲಿ, ಒಂದೇ ಬಣ್ಣದ ಎರಡು ಪದಕಗಳು! ಒಬ್ಬರದು ಎರಡು ಕೈಯ ಈಜು, ಇನ್ನೊಬ್ಬರದು ಒಂದೂವರೆ ಕೈಯದು. ಎರಡರ ಹಿಂದೆಯೂ ಇದ್ದದ್ದು ಕೊಳ, ಗುರು ಮತ್ತು ವರ್ಷಗಟ್ಟಲೆ ದುಡಿಮೆ.

2015ರಲ್ಲಿ ಶರತ್ ಅರ್ಜುನ ಪ್ರಶಸ್ತಿ ಪಡೆದರು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ಹೋದ ಭಾರತದ ಇಬ್ಬರು ಈಜುಗಾರರಲ್ಲಿ ಒಬ್ಬರಾದ ನಿರಂಜನ್ ಮುಕುಂದನ್ ಕೂಡ ಬೆಂಗಳೂರಿನವರು, ಜಾನ್ ಕ್ರಿಸ್ಟೋಫರ್ ಅವರ ಶಿಷ್ಯರು. ಒಬ್ಬ ಗುರು ಮನಸ್ಸು ಮಾಡಿದರೆ ಒಂದು ಪರಂಪರೆಯೇ ಬೆಳೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬೆಂಗಳೂರಿನಿಂದ ವಿದುರಾಶ್ವತ್ಥಕ್ಕೆ ನೂರು ಕಿಲೋಮೀಟರು ಕೂಡ ಇಲ್ಲ. ಆದರೆ ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಈ ಸೀಮೆಯ ಹಳ್ಳಿಯ ಮಕ್ಕಳಿಗೆ ಈಜು ದೂರವಾಗಿದೆ. ಕೈಕಾಲು ನೆಟ್ಟಗಿರುವ ಮಕ್ಕಳ ಪಾಡೇ ಹೀಗಾದರೆ, ಊನವಿರುವ ಮಗುವನ್ನು ನೀರಿಗಿಳಿಸುವ ಯೋಚನೆ ಎಷ್ಟು ಮಂದಿ ತಂದೆತಾಯಿಗೆ ಬಂದೀತು? ಅಂಥ ಮಗುವಿಗೂ ತಕ್ಕ ವರ್ಗ, ತಕ್ಕ ನಿಯಮ ಈಗಾಗಲೇ ಪುಸ್ತಕದಲ್ಲಿ ಇದೆ. ಇನ್ನು ಬೇಕಾದದ್ದು ಹತ್ತಿರದಲ್ಲೊಂದು ಕೊಳ, ಕಲಿಸಲು ಒಬ್ಬ ಗುರು.