ಮರಳಿ ಬರುತ್ತೇವೆಂದು ಬರೆದುಕೊಟ್ಟ ಕಾಗದ



ಮೊನ್ನೆ ದಾವಣಗೆರೆಯಿಂದ ನಮ್ಮ ಅಕ್ಕನ ಮಗ ಫೋನು ಮಾಡಿದ್ದ. ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗ, ಇಲ್ಲಿಗೆ ಪಬ್ಲಿಕ್ ಹೆಲ್ತ್ ಓದಲು ಬರುವವನು. ಅಡ್ಮಿಷನ್ ಆಗಿದೆ, ಐ-20 ಕೈಗೆ ಬಂದಿದೆ. "ಮಾಮ, ಓದು ಮುಗಿದ ಮೇಲೆ ವಾಪಸ್ ಬರ್ತೀಯಾ ಅಂತ ಇಂಟರ್‌ವ್ಯೂನಲ್ಲಿ ಕೇಳ್ತಾರಂತೆ. ನೀವು ಏನು ಹೇಳಿದ್ರಿ?" ಎಂದ. ನಾವು ಮಾತು ಬದಲಿಸಿ ಅಕ್ಕನ ಮಂಡಿನೋವು ಹೇಗಿದೆಯೆಂದು ವಿಚಾರಿಸಿದೆವು. ಫೋನು ಇಟ್ಟ ಮೇಲೆ ಈ ಲೇಖನ ಬರೆಯಬೇಕೆನಿಸಿತು.

ಅವನು ಓದಲಿರುವ ವಿಷಯವನ್ನೇ ನೂರು ವರ್ಷಕ್ಕೂ ಹಿಂದೆ ಓದಿದ ಕನ್ನಡ ನಾಡಿನ ವೈದ್ಯರೊಬ್ಬರಿದ್ದಾರೆ: ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಕಲ್ಕತ್ತೆಯಲ್ಲಿ ವೈದ್ಯವಿದ್ಯೆ ಮುಗಿಸಿ 1913ರಲ್ಲಿ ಅಮೆರಿಕಕ್ಕೆ ಬಂದು, 1916ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯದಲ್ಲಿ ಪದವಿ ಪಡೆದರು. ಅವರು ಹೊರಟಾಗ ವೀಸಾ ಎಂಬ ಕಾಗದವೇ ಬೇಕಿರಲಿಲ್ಲ. ಮರಳಿ ಹೋಗುತ್ತೀರಾ ಎಂದು ಹೊರಡುವ ಮುನ್ನ ಕೌಂಟರಿನಲ್ಲಿ ನಿಲ್ಲಿಸಿ ಕೇಳುವವರೂ ಇರಲಿಲ್ಲ. ಅವರು ನ್ಯೂಯಾರ್ಕಿನಲ್ಲಿ ಲಾಲಾ ಲಜಪತ ರಾಯರ ಹೋಂ ರೂಲ್ ಲೀಗಿಗೆ ದುಡಿದು 1921ರಲ್ಲಿ ಮರಳಿದರು. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಯಾರಿಗೂ ಮಾತು ಕೊಡದೆ ಮರಳಿದವರು!

ಮಾತು ಬರೆಸಿಕೊಳ್ಳುವ ಪದ್ಧತಿ ಆಮೇಲೆ ಬಂತು. 1917ರ ಕಾಯಿದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ವಲಸೆಯನ್ನು ನಿಲ್ಲಿಸಿತು, ವಿದ್ಯಾರ್ಥಿಗಳೇ ಮೊದಲಾದ ಕೆಲವರಿಗೆ ವಿನಾಯಿತಿ ಇಟ್ಟಿತು. ಸರ್ಕಾರ ಒಪ್ಪಿದ ಶಾಲೆಗೇ ಸೇರಬೇಕೆಂಬ ನಿಯಮ 1924ರದ್ದು. ಇವತ್ತಿನ ಐ-20ಯ ಮುತ್ತಜ್ಜ ಅದೇ ಎನ್ನಬಹುದು. 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ 100 ಜನರ ಕೋಟಾ ದೊರೆಯಿತು, ಇಡೀ ದೇಶಕ್ಕೆ ನೂರು. 1952ರ ಕಾಯಿದೆಯ 214(ಬಿ) ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ವೀಸಾ ಕೇಳುವವನು ಇಲ್ಲೇ ನೆಲಸಲು ಬರುವವನೆಂದೇ ತಿಳಿಯಬೇಕು, ಅಲ್ಲವೆಂದು ತೋರಿಸುವ ಹೊರೆ ಅವನದೇ. ನಮ್ಮ ಹುಡುಗನನ್ನು ಈಗ ಕಾಡುತ್ತಿರುವುದು ಅದೇ ಕಲಮು.

ಆ ಕಾಲದಲ್ಲಿ ಬಂದವರಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡಿನಲ್ಲಿ ಸಂಶೋಧನೆ ಮಾಡಿ ಮರಳಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದರು. ಮೈಸೂರಿನ ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಡಾಕ್ಟರೇಟ್ ಪಡೆದು ಶಿಕಾಗೋದಲ್ಲೇ ಉಳಿದರು. ಇಬ್ಬರಿಂದಲೂ ಕನ್ನಡಕ್ಕೆ ನಷ್ಟವಾಗಲಿಲ್ಲ.

ಇನ್ನು ನಮ್ಮ ವೈದ್ಯರ ಕಥೆ. 1965ರ ಕಾಯಿದೆಯಿಂದ ಬಾಗಿಲು ಅಗಲವಾಗಿ ತೆರೆಯಿತು, ಮೆಡಿಕೇರ್ ಬಂದು ಆಸ್ಪತ್ರೆಗಳಿಗೆ ವೈದ್ಯರು ಬೇಕಾದರು. ನಮ್ಮ ಹಿರಿಯರು ಅನೇಕರು ಆಗ ಹಸಿರು ಕಾರ್ಡಿನೊಂದಿಗೇ ಬಂದಿಳಿದರು. ಭಾರತದೊಳಗೆ ಅರ್ಹತಾ ಪರೀಕ್ಷೆ ನಡೆಸಲು ನಮ್ಮ ಸರ್ಕಾರವೇ ಒಪ್ಪದ ವರ್ಷಗಳೂ ಇದ್ದವು. ಆಗ ಕೊಲಂಬೊ, ಸಿಂಗಪುರಗಳಿಗೆ ಹೋಗಿ ಬರೆದರು. 1976ರಲ್ಲಿ ಅಮೆರಿಕದ ಸಂಸತ್ತು ವೈದ್ಯರ ಕೊರತೆ ತೀರಿತೆಂದು ಸಾರಿ ಬಾಗಿಲನ್ನು ಮುಕ್ಕಾಲು ಮುಚ್ಚಿತು. ಉಳಿದ ಸಂದಿಯ ಹೆಸರು ಜೆ-1.

ತೊಂಬತ್ತರ ದಶಕದಲ್ಲಿ ನಾವು ನುಸುಳಿದ್ದು ಅದೇ ಸಂದಿಯಲ್ಲಿ. ದೆಹಲಿಯ ಆರೋಗ್ಯ ಸಚಿವಾಲಯದಿಂದ ಒಂದು ಪತ್ರ ತರಬೇಕಿತ್ತು: ಇಂಥ ತಜ್ಞರು ಭಾರತಕ್ಕೆ ಬೇಕಾಗಿದ್ದಾರೆ, ಇವರು ತರಬೇತಿ ಮುಗಿಸಿ ಮರಳುವರು, ಎಂದು. ಊರಿನಲ್ಲಿ ಬೇರು ಇದೆಯೆಂದು ತೋರಿಸಲು ಅಡಿಕೆ ತೋಟದ ಪಹಣಿ, ಚಾರ್ಟರ್ಡ್ ಅಕೌಂಟೆಂಟರ ಸರ್ಟಿಫಿಕೇಟು ಎಲ್ಲವನ್ನೂ ಫೈಲಿನಲ್ಲಿಟ್ಟುಕೊಂಡು, ರಾತ್ರಿ ರೈಲು ಹಿಡಿದು ಮದರಾಸಿಗೆ ಹೋಗಿ, ಜೆಮಿನಿ ಫ್ಲೈಓವರ್ ಪಕ್ಕದಲ್ಲಿ ಬೆಳಗಾಗುವ ಮೊದಲೇ ಸಾಲಿನಲ್ಲಿ ನಿಂತೆವು. ಪಹಣಿಯನ್ನು ಯಾರೂ ನೋಡಲಿಲ್ಲ. ಮರಳುತ್ತೀರಾ ಎಂದರು. ಹೌದು ಎಂದೆವು. ಆಗ ಅದು ಸುಳ್ಳಾಗಿರಲಿಲ್ಲ.

ತರಬೇತಿ ಮುಗಿದರೆ ಎರಡು ವರ್ಷ ಊರಿನಲ್ಲಿರಬೇಕೆಂಬುದು ಜೆ-1ರ ಷರತ್ತು. 1994ರಲ್ಲಿ ಸೆನೆಟರ್ ಕಾನ್ರಾಡರ ಹೆಸರಿನ ತಿದ್ದುಪಡಿ ಬಂತು: ವೈದ್ಯರಿಲ್ಲದ ಊರಿನಲ್ಲಿ ಮೂರು ವರ್ಷ ದುಡಿದರೆ ಆ ಷರತ್ತು ಮಾಫಿ. ರಾಜ್ಯಕ್ಕೆ 20 ಜನ, 2002ರಿಂದ 30. ಜಾರ್ಜಿಯಾ, ಕೆರೊಲಿನಾಗಳ ಸಣ್ಣ ಊರುಗಳಿಗೆ ನಮ್ಮವರು ಹೀಗೆಯೇ ಹೋದದ್ದು. ನಾವು ಹೋದ ಊರಿನಲ್ಲಿ ಕೊತ್ತಂಬರಿ ಸೊಪ್ಪಿಗೆ ಎರಡು ಗಂಟೆ ಡ್ರೈವ್ ಮಾಡಬೇಕಿತ್ತು. ರೋಗಿಗಳು ಮಾತ್ರ ಕಡಲೆಕಾಯಿ ಬೇಯಿಸಿ ತಂದುಕೊಡುತ್ತಿದ್ದರು, ಥೇಟ್ ನಮ್ಮೂರಿನಂತೆ. ಎರಡನೆಯ ವರ್ಷದಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಹನ್ನೊಂದನೆಯ ದಿನಕ್ಕೆ ಮುಟ್ಟಿದೆವು. ಕಾನೂನಿನ ಲೆಕ್ಕದಲ್ಲಿ ನಮ್ಮ ಸಾಲ ತೀರಿದೆ. ಆದರೆ ಅದು ತೀರಿದ್ದು ಬೇರೆ ಊರಿನಲ್ಲಿ, ಪತ್ರದಲ್ಲಿ ಬರೆದಿದ್ದ ಊರಿನಲ್ಲಲ್ಲ.

ಡುಲುತ್‌ಗೆ ಬಂದ ಮೇಲೆ ಮುಂದಿನ ತಲೆಮಾರು ನಮ್ಮ ಮನೆಗಳ ಮೂಲಕವೇ ಹಾದುಹೋಯಿತು. ವಿದೇಶದ ವೈದ್ಯರಿಗೆ ಕ್ಲಿನಿಕಲ್ ಸ್ಕಿಲ್ಸ್ ಪರೀಕ್ಷೆ 1998ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾಗಿ, 2004ರಲ್ಲಿ ಸ್ಟೆಪ್ 2 ಸಿ.ಎಸ್. ಎಂದಾದಾಗ ಐದು ನಗರಗಳಲ್ಲಿ ಕೇಂದ್ರಗಳಿದ್ದವು. ಅದರಲ್ಲೊಂದು ಅಟ್ಲಾಂಟಾ. ಹುಬ್ಬಳ್ಳಿ, ಕಲಬುರಗಿ, ದಾವಣಗೆರೆಗಳ ಎಷ್ಟು ಮಕ್ಕಳು ನಮ್ಮ ಬೇಸ್‌ಮೆಂಟುಗಳಲ್ಲಿ ಮಲಗೆದ್ದು ಆ ಪರೀಕ್ಷೆಗೆ ಹೋಗಿದ್ದಾರೋ! ಹಿಂದಿನ ರಾತ್ರಿ ನಮ್ಮ ಅತ್ತೆಯವರೇ ಅವರಿಗೆ ರೋಗಿ. "ಎಲ್ಲಿ ನೋವು?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರೆ, ಅತ್ತೆ ಗಂಭೀರವಾಗಿ "ನೋವೇನಿಲ್ಲಪ್ಪ, ಸಾರು ಖಾರ ಆಯಿತು" ಎನ್ನುತ್ತಿದ್ದರು. ಕೋವಿಡ್ಡಿನಿಂದ 2020ರಲ್ಲಿ ನಿಂತ ಆ ಪರೀಕ್ಷೆಯನ್ನು 2021ರಲ್ಲಿ ರದ್ದೇ ಮಾಡಿದರು. ಬೇಸ್‌ಮೆಂಟು ಖಾಲಿ.

ಈಗಿನ ಮಕ್ಕಳ ಸಾಲು ನಮ್ಮದಕ್ಕಿಂತ ಉದ್ದ. 2023-24ರಲ್ಲಿ ಇಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602, ಚೀನಾದವರಿಗಿಂತ ಹೆಚ್ಚು. 2003ರಿಂದ ಅವರ ಹಾಜರಿ, ವಿಳಾಸ ಎಲ್ಲವೂ ಸೆವಿಸ್ ಎಂಬ ಕಂಪ್ಯೂಟರಿನಲ್ಲಿ ದಾಖಲು. 2025ರ ಮೇ ಕೊನೆಯಲ್ಲಿ ಹೊಸ ಇಂಟರ್‌ವ್ಯೂಗಳಿಗೆ ದಿನ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿದ್ದರು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದಾಗ ಎಲ್ಲರಿಗೂ ಸಂತೋಷ, ಆದರೆ ಆಗ ಅಲ್ಲಿ ವೀಸಾ ಸೇವೆ ಇರಲಿಲ್ಲ.

ಮರುದಿನ ಹುಡುಗನಿಗೆ ನಾವೇ ಫೋನು ಮಾಡಿದೆವು. ಹೌದು ಎಂದಿದ್ದೆವು, ಮನಸ್ಸಿನಿಂದಲೇ ಅಂದಿದ್ದೆವು, ಆಮೇಲೆ ಹೀಗಾಯಿತು ಎಂದು ಎಲ್ಲವನ್ನೂ ಹೇಳಿದೆವು, ಹನ್ನೊಂದನೆಯ ದಿನದ್ದನ್ನೂ. ಹುಡುಗ ಸುಮ್ಮನಿದ್ದು, "ಅಜ್ಜನ ತೋಟದ ಪಹಣಿ ನಾನೂ ತಗೊಂಡು ಹೋಗ್ಲಾ ಮಾಮ?" ಎಂದ. ತಗೊಂಡು ಹೋಗಪ್ಪ ಎಂದೆವು.

ಬರುವ ರಾಜ್ಯೋತ್ಸವಕ್ಕೆ ಇಂಥ ಕಾಗದಗಳ ಪುಟ್ಟ ಪ್ರದರ್ಶನ ಇಡೋಣವೆಂದಿದ್ದೇವೆ. ಹಳೆಯ ಐ-20, ಸಚಿವಾಲಯದ ಪತ್ರ, ಮೊದಲ ಟಿಕೆಟ್ಟು, ಯಾವುದಾದರೂ ಸರಿ. ಮೂಲ ಪ್ರತಿ ಕೊಡಬೇಡಿ, ಜೆರಾಕ್ಸ್ ಸಾಕು.