ಗ್ರ್ಯಾಮಿ ಯಾರಿಗೆ? ಒಂದು ಮುಂಡಗೋಡ ಲೆಕ್ಕ

ಪ್ರತಿ ಜನವರಿ ಕೊನೆಗೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಎಕ್ಸೆಲ್ ಶೀಟ್ ಬಂದು ಬೀಳುತ್ತೆ. ಈ ಸಲ ಗ್ರ್ಯಾಮಿ ಯಾರಿಗೆ ಅಂತ ತುಂಬಬೇಕು. ತಲಾ 200 ರೂಪಾಯಿ. ಹೆಚ್ಚು ಸರಿ ಹೇಳಿದವರಿಗೆ ಅಷ್ಟೂ ದುಡ್ಡು. ಅದು ಅವತ್ತೇ ಸಂಜೆ ಎಲ್ಲರ ಬಿರಿಯಾನಿಗೆ ಖರ್ಚಾಗುತ್ತೆ ಅನ್ನೋದು ಬೇರೆ ಮಾತು.

2026ರ ಶೀಟಿನ ಕೆಳಗಡೆ ಒಂದು ಸಾಲಿತ್ತು: ಆಡಿಯೊ ಬುಕ್ ಮತ್ತು ಕಥನ. ಆ ಕೆಟಗರಿಗೆ ನಾಮಿನೇಟ್ ಆದವರಲ್ಲಿ ಟ್ರೆವರ್ ನೋವಾ ಇದ್ದರು. ಅವತ್ತಿನ ಸಮಾರಂಭ ನಡೆಸಿಕೊಡುವವರೂ ಅವರೇ. ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿ ಆದರೇನು ಅಂತ ನಾನು ಕಣ್ಣು ಮುಚ್ಚಿ ಅವರ ಹೆಸರು ಹಾಕಿದೆ. ಪಕ್ಕದ ಸೀಟಿನ ಗೆಳೆಯ ಮಾತ್ರ ಇಡೀ ಶೀಟಿನಲ್ಲಿ ಅದೊಂದೇ ಸಾಲು ತುಂಬಿ ಕಳಿಸಿದ: ದಲಾಯಿ ಲಾಮಾ. ಅವನು ಹುಟ್ಟಿ ಬೆಳೆದದ್ದು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ. ನಾನು ಹಳಿಯಾಳದವನು. ಜಿಲ್ಲೆ ಒಂದೇ ಆದರೂ ಪರಿಚಯ ಆಗಿದ್ದು ಬೆಂಗಳೂರಿಗೆ ಬಂದ ಮೇಲೆ. ಭಕ್ತಿಗೆ 200 ರೂಪಾಯಿ ಅಂತ ನಾವೆಲ್ಲ ನಕ್ಕೆವು.

ಫೆಬ್ರವರಿ 1ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಫಲಿತಾಂಶ ಬಂತು. 90 ವರ್ಷದ ದಲಾಯಿ ಲಾಮಾ ಅವರಿಗೆ ‘ಮೆಡಿಟೇಷನ್ಸ್’ ಆಲ್ಬಂಗಾಗಿ ಮೊದಲ ಗ್ರ್ಯಾಮಿ. ಹಿನ್ನೆಲೆಗೆ ಸರೋದ್ ನುಡಿಸಿದ್ದು ನಮ್ಮ ಉಸ್ತಾದ್ ಅಮ್ಜದ್ ಅಲಿ ಖಾನ್ ಮತ್ತು ಅವರ ಮಕ್ಕಳು. ವೇದಿಕೆಗೆ ಹೋಗಿ ಪ್ರಶಸ್ತಿ ಇಸ್ಕೊಂಡಿದ್ದು ಗಾಯಕ ರೂಫಸ್ ವೇನ್‌ರೈಟ್.

ಸೋಮವಾರ ನಾನು ಅವನ ಡೆಸ್ಕ್ ಹತ್ತಿರ ಹೋಗಿ, ‘ನಿನ್ನ ಭಕ್ತಿ ಫಲಿಸ್ತು ಬಿಡೋ’ ಅಂದೆ.

‘ಭಕ್ತಿ ಗಿಕ್ತಿ ಏನಿಲ್ಲೋ. ಹಿಂದ ಯಾರ್ಯಾರಿಗೆ ಕೊಟ್ಟಾರ ಅಂತ ಲಿಸ್ಟ್ ತಗದು ನೋಡಿದೆ, ಅಷ್ಟ’ ಅಂದ.

ಆ ರಾತ್ರಿ ನಾನೂ ಲಿಸ್ಟ್ ತೆಗೆದು ಕೂತೆ. ಮಾತಿಗೆ ಕೊಡುವ ಈ ಕೆಟಗರಿಯ ಹೆಸರು ಕಾಲಕಾಲಕ್ಕೆ ಬದಲಾಗಿದೆ, ಅಭ್ಯಾಸ ಬದಲಾಗಿಲ್ಲ. 1997ರಲ್ಲಿ ಹಿಲರಿ ಕ್ಲಿಂಟನ್. 2005ರಲ್ಲಿ ಬಿಲ್ ಕ್ಲಿಂಟನ್. 2006 ಮತ್ತು 2008ರಲ್ಲಿ ಬರಾಕ್ ಒಬಾಮ. 2020 ಮತ್ತು 2024ರಲ್ಲಿ ಮಿಶೆಲ್ ಒಬಾಮ. ಜಿಮ್ಮಿ ಕಾರ್ಟರ್ ಅವರಿಗೆ 2007, 2016, 2019, ಆಮೇಲೆ ತೀರಿಕೊಂಡ ಬಳಿಕ 2025ರಲ್ಲಿ ಮತ್ತೊಮ್ಮೆ. ಇಷ್ಟು ನೋಡಿದ ಮೇಲೆ ಆ ಸಾಲಿಗೆ ಯಾವ ಹೆಸರು ಬರೆಯಬೇಕು ಅಂತ ಹೇಳೋಕೆ ಒಂದೂ ಆಲ್ಬಂ ಕೇಳಬೇಕಾಗಿಲ್ಲ. ಜಗತ್ತು ಎದ್ದು ನಿಂತು ಗೌರವ ಕೊಡುವ ಹಿರಿಯರು ಯಾರು ಅಂತ ನೋಡಿದರೆ ಸಾಕು.

ಹಾಗಾದರೆ ಉಳಿದ ಕೆಟಗರಿಗಳಲ್ಲೂ ಹೀಗೇನಾ? ಹೆಚ್ಚುಕಡಿಮೆ ಹೀಗೇ. ಅದಕ್ಕೆ ಕಾರಣ ಮತದಾನದ ವ್ಯವಸ್ಥೆಯಲ್ಲಿದೆ. ಗ್ರ್ಯಾಮಿಗೆ ತೀರ್ಪುಗಾರರ ಸಣ್ಣ ಮಂಡಳಿ ಅಂತ ಇಲ್ಲ. ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರಾದ ಗಾಯಕರು, ವಾದಕರು, ಎಂಜಿನಿಯರುಗಳು, ನಿರ್ಮಾಪಕರು ಸೇರಿ 13 ಸಾವಿರಕ್ಕೂ ಹೆಚ್ಚು ಜನ ಮತ ಹಾಕ್ತಾರೆ. ಕೆಟಗರಿಗಳು 90ಕ್ಕಿಂತ ಹೆಚ್ಚು. ವರ್ಷದ ಆಲ್ಬಂನಂಥ ಆರು ದೊಡ್ಡ ಕೆಟಗರಿಗಳಲ್ಲಿ ಎಲ್ಲರೂ ಮತ ಹಾಕಬಹುದು. ಅದರಾಚೆ ಒಬ್ಬರಿಗೆ ಹತ್ತು ಕೆಟಗರಿ ಮಾತ್ರ. ನ್ಯಾಶ್‌ವಿಲ್‌ನ ಗಿಟಾರ್ ವಾದಕನೊಬ್ಬ ಜಾಗತಿಕ ಸಂಗೀತದ ಕೆಟಗರಿಗೂ ಒಂದು ಮತ ಹಾಕೋಣ ಅಂತ ಹೊರಟ ಅಂದ್ಕೊಳ್ಳಿ. ಎದುರಿಗೆ ಐದು ಹೆಸರು. ನಾಲ್ಕು ಗೊತ್ತಿಲ್ಲ, ಒಂದು ಗೊತ್ತು. ನೀವಾಗಿದ್ದರೆ ಯಾವುದಕ್ಕೆ ಟಿಕ್ ಹಾಕ್ತಿದ್ರಿ?

ಇದಕ್ಕೆ ಪ್ರಸಿದ್ಧ ಉದಾಹರಣೆ 1989ರದ್ದು. ಹಾರ್ಡ್ ರಾಕ್ ಮತ್ತು ಮೆಟಲ್‌ಗೆ ಅಂತ ಮೊದಲ ಬಾರಿಗೆ ಕೆಟಗರಿ ಮಾಡಿದ್ದರು. ಮೆಟಾಲಿಕಾಗೇ ಅಂತ ಎಲ್ಲರೂ ಭವಿಷ್ಯ ಹೇಳಿ ಕೂತಿದ್ದರು. ಬಂದಿದ್ದು ಜೆತ್ರೊ ಟಲ್‌ಗೆ. ಕೊಳಲು ನುಡಿಸುವ ನಾಯಕನಿದ್ದ ಹಳೇ ಬ್ಯಾಂಡು! ಮತ ಹಾಕಿದವರು ಮೆಟಲ್ ಕೇಳಿ ಬೆಳೆದವರಲ್ಲ, ಜೆತ್ರೊ ಟಲ್ ಹೆಸರು ಕೇಳಿ ಬೆಳೆದವರು. ಮರುವರ್ಷ, 1990ರಲ್ಲಿ, ಹೊಸ ಕಲಾವಿದರ ಪ್ರಶಸ್ತಿ ಮಿಲಿ ವನಿಲಿ ಜೋಡಿಗೆ ಹೋಯ್ತು. ಆಲ್ಬಂನಲ್ಲಿ ಹಾಡಿದ್ದು ಅವರೇ ಅಲ್ಲ ಅಂತ ಬಯಲಾಗಿ ಅದೇ ವರ್ಷ ವಾಪಸ್ ಕಿತ್ಕೊಂಡರು. ತಮಾಷೆ ನೋಡಿ, ಆ ಜೋಡಿಯ ಫ್ಯಾಬ್ ಮೊರ್ವನ್ 2026ರಲ್ಲಿ ತನ್ನ ಕಥೆಯನ್ನ ತನ್ನದೇ ದನಿಯಲ್ಲಿ ಓದಿ, ದಲಾಯಿ ಲಾಮಾ ಇದ್ದ ಅದೇ ಸಾಲಿನಲ್ಲಿ ನಾಮಿನೇಟ್ ಆಗಿದ್ದರು.

ಈಗ ಭಾರತದ ಗೆಲುವುಗಳನ್ನ ಇದೇ ಕಣ್ಣಿನಿಂದ ನೋಡಿ. 1968ರಲ್ಲಿ ಪಂಡಿತ್ ರವಿಶಂಕರ್, ಜೊತೆಗೆ ಯೆಹೂದಿ ಮೆನುಹಿನ್. 1992ರಲ್ಲಿ ವರ್ಲ್ಡ್ ಮ್ಯೂಸಿಕ್ ಅಂತ ಕೆಟಗರಿ ಶುರುವಾದಾಗ ಮೊದಲ ಪ್ರಶಸ್ತಿ ‘ಪ್ಲಾನೆಟ್ ಡ್ರಮ್’ ಆಲ್ಬಂಗೆ. ಅದರಲ್ಲಿ ಘಟಂ ವಿದ್ವಾಂಸ ವಿಕ್ಕು ವಿನಾಯಕರಾಂ, ತಬಲಾದ ಜಾಕಿರ್ ಹುಸೇನ್ ಇದ್ದರು, ಆದರೆ ಆಲ್ಬಂ ಬಂದಿದ್ದು ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಮಿಕ್ಕಿ ಹಾರ್ಟ್ ಹೆಸರಲ್ಲಿ. 1994ರಲ್ಲಿ ವಿಶ್ವಮೋಹನ ಭಟ್, ಜೊತೆಗೆ ರೈ ಕೂಡರ್. ನಮ್ಮ ಬೆಂಗಳೂರಿನ ರಿಕ್ಕಿ ಕೇಜ್ 2015ರಲ್ಲಿ ದಕ್ಷಿಣ ಆಫ್ರಿಕಾದ ಕೊಳಲುಗಾರ ವೌಟರ್ ಕೆಲ್ಲರ್‌ಮನ್ ಜೊತೆ, 2022 ಮತ್ತು 2023ರಲ್ಲಿ ಪೊಲೀಸ್ ಬ್ಯಾಂಡಿನ ಸ್ಟುವರ್ಟ್ ಕೋಪ್‌ಲ್ಯಾಂಡ್ ಜೊತೆ. 2024ರಲ್ಲಿ ಶಕ್ತಿ ತಂಡ, ಅಲ್ಲಿ ಜಾನ್ ಮೆಕ್ಲಾಫ್ಲಿನ್. ಇವರ ಪ್ರತಿಭೆ ಕಮ್ಮಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಕಾಮೆಂಟಿನಲ್ಲಿ ಬಂದು ಬಯ್ಯಬೇಡಿ. ಮತ ಹಾಕುವವನಿಗೆ ಗುರುತು ಸಿಗುವಂಥ ಒಂದು ಹೆಸರು ಪಕ್ಕದಲ್ಲಿತ್ತು ಅಂತ ಅಷ್ಟೇ ಹೇಳ್ತಿದೀನಿ.

ಈ ಲೆಕ್ಕವನ್ನ ಗೆಳೆಯನಿಗೆ ತೋರಿಸಿದೆ. ಅವನು ಒಂದೇ ಪ್ರಶ್ನೆ ಕೇಳಿದ: ‘ಮತ್ತ 2004?’

2004ರ ಪ್ರಶಸ್ತಿ ನನ್ನ ಸೂತ್ರಕ್ಕೆ ಒಗ್ಗಲ್ಲ. ಆ ವರ್ಷ ಸಾಂಪ್ರದಾಯಿಕ ವರ್ಲ್ಡ್ ಮ್ಯೂಸಿಕ್ ಆಲ್ಬಂನ ಗ್ರ್ಯಾಮಿ ಹಿಮಾಚಲದ ಶೆರಬ್ ಲಿಂಗ್ ಮಠದ ಲಾಮಾಗಳಿಗೆ ಸಿಕ್ಕಿತು. ಜೊತೆಗೆ ಯಾವ ದೊಡ್ಡ ಗಿಟಾರ್ ವಾದಕನೂ ಇಲ್ಲ. ಹೇಗೆ ಬಂತು? ವರ್ಲ್ಡ್ ಮ್ಯೂಸಿಕ್ ಖಾನೆಯನ್ನ ಸಾಂಪ್ರದಾಯಿಕ, ಸಮಕಾಲೀನ ಅಂತ ಎರಡು ಮಾಡಿದ ಮೊದಲ ವರ್ಷ ಅದು. ಪಾಪ್ ತಾರೆಗಳೆಲ್ಲ ಆ ಕಡೆ ಹೋದರು. ಈ ಕಡೆ ಮಂತ್ರ ಹೇಳುವವರಿಗೆ ಸ್ವಲ್ಪ ಜಾಗ ಆಯ್ತು.

ಆದರೆ ಆ ಖಾನೆ ಬಾಳಿದ್ದು ಎಂಟೇ ವರ್ಷ. 2011ರಲ್ಲಿ ಅಕಾಡೆಮಿ ಕೆಟಗರಿಗಳನ್ನ 109ರಿಂದ 78ಕ್ಕೆ ಇಳಿಸಿತು. ಸಾಂಪ್ರದಾಯಿಕ, ಸಮಕಾಲೀನ ಮತ್ತೆ ಒಂದಾದವು. ಹವಾಯಿ ಸಂಗೀತ, ಅಮೆರಿಕದ ಮೂಲನಿವಾಸಿಗಳ ಸಂಗೀತದ ಪ್ರತ್ಯೇಕ ಕೆಟಗರಿಗಳು ಮುಚ್ಚಿದವು. ಯಾರು ಗೆಲ್ಲಬಹುದು ಅನ್ನೋದರಲ್ಲಿ ಅರ್ಧ ಪಾಲು ಹಾಡುವ ಮೊದಲೇ ತೀರ್ಮಾನ ಆಗಿರುತ್ತೆ. ಖಾನೆ ಎಷ್ಟು ಮಾಡಿದ್ದಾರೆ, ಯಾರ ಹೆಸರಲ್ಲಿ ಮಾಡಿದ್ದಾರೆ ಅನ್ನೋದರಲ್ಲಿ.

ಇಲ್ಲಿಂದ ನಮ್ಮ ಕಡೆಗೆ ಬರ್ತೀನಿ. ಮುಂಡಗೋಡದ ಕ್ಯಾಂಪಿನ ಕಥೆಯೇ ಒಂದು ಭವಿಷ್ಯವಾಣಿಯಿಂದ ಶುರುವಾಗುತ್ತೆ. ಟಿಬೆಟಿನಲ್ಲಿ ನೆಚುಂಗ್ ಅನ್ನೋ ರಾಜ್ಯದೈವ ಇದೆ. ನಮ್ಮ ಕಡೆ ದೇವರು ಮೈಮೇಲೆ ಬರುವ ಹಾಗೆ, ಆ ದೈವ ಒಬ್ಬ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುತ್ತೆ. ಅದರ ಮಠ ಇದ್ದಿದ್ದು ಲಾಸಾದ ಡ್ರೆಪುಂಗ್ ಮಠದ ಪಕ್ಕದಲ್ಲೇ. 1959ರ ಮಾರ್ಚ್ 17ರಂದು, ಚೀನಾದ ಸೇನೆ ಊರಿನಲ್ಲಿ ಬೀಡುಬಿಟ್ಟಿದ್ದಾಗ, ಈ ರಾತ್ರಿಯೇ ಹೊರಡು ಅಂತ ದೈವ ನುಡಿಯಿತು ಅಂತ ದಲಾಯಿ ಲಾಮಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರು ಹೊರಟರು. ನಮ್ಮ ಎಕ್ಸೆಲ್ ಶೀಟಿನಲ್ಲಿ ತಪ್ಪಿದರೆ ಹೋಗೋದು 200 ರೂಪಾಯಿ. ಅವತ್ತು ತಪ್ಪಿದ್ದರೆ ಏನಾಗ್ತಿತ್ತೋ.

ಅವರ ಹಿಂದೆ ಸಾವಿರಾರು ಜನ ಬಂದರು. ಡ್ರೆಪುಂಗ್, ಗಾಡೆನ್, ಸೆರಾ ಮಠಗಳ ಲಾಮಾಗಳಲ್ಲಿ ಅನೇಕರನ್ನ ಬಂಗಾಳದ ಬುಕ್ಸಾದಲ್ಲಿ, ಬ್ರಿಟಿಷರ ಕಾಲದ ಹಳೇ ಸೆರೆಮನೆ ಶಿಬಿರದಲ್ಲಿ ಇಟ್ಟರು. ಹತ್ತಿರ ಹತ್ತಿರ ಹತ್ತು ವರ್ಷ. ಕ್ಷಯರೋಗದಿಂದ ಎಷ್ಟೋ ಜನ ಅಲ್ಲೇ ತೀರಿಕೊಂಡರು. ಈ ಕಡೆ ಆಗಿನ ಮೈಸೂರು ರಾಜ್ಯ ಮುಂಡಗೋಡದಲ್ಲಿ ಸುಮಾರು 4 ಸಾವಿರ ಎಕರೆ ಕೊಟ್ಟು 1966ರಲ್ಲಿ ಡೊಗುಲಿಂಗ್ ಸೆಟ್ಲ್‌ಮೆಂಟ್ ಶುರುವಾಯ್ತು. 1969ರ ಹೊತ್ತಿಗೆ ಡ್ರೆಪುಂಗ್, ಗಾಡೆನ್ ಲಾಮಾಗಳು ಇಲ್ಲಿಗೆ ಬಂದರು. ಕಾಡು ಸವರಿ ಹೊಲ ಮಾಡಿದರು. ಹಿಮದ ನಾಡಿನವರು ಮಲೆನಾಡಿನ ಅಂಚಿನ ಮಳೆಯಲ್ಲಿ ನಿಂತು ಬೇಸಾಯ ಕಲಿತರು. ಹೊಲದ ಕೆಲಸದ ಜೊತೆಗೇ ಪಾಠ, ಮಂತ್ರ ನಡೀತು.

ಆ ಮಂತ್ರದ ದನಿ ನೀವು ಕೇಳಿಲ್ಲ ಅಂದ್ರೆ ಒಮ್ಮೆ ಹೋಗಿ ಕೇಳಿ. ಹೊಕ್ಕಳಿನಿಂದ ಎದ್ದು ಬರುವ ದಪ್ಪ ಸ್ವರ, ಅದರ ಮೇಲೆ ತೆಳ್ಳಗೆ ಇನ್ನೊಂದು ಸ್ವರ. ಒಂದೇ ಗಂಟಲು! ಇದು ಹೇಗೆ ಸಾಧ್ಯ ಅಂತ ಹ್ಯೂಸ್ಟನ್ ಸ್ಮಿತ್ ಅನ್ನೋ ವಿದ್ವಾಂಸರು 1960ರ ದಶಕದಲ್ಲೇ ಭಾರತದಲ್ಲಿದ್ದ ಲಾಮಾಗಳ ದನಿ ರೆಕಾರ್ಡ್ ಮಾಡಿ, 1967ರಲ್ಲಿ ಧ್ವನಿವಿಜ್ಞಾನಿಗಳ ಜೊತೆ ಪ್ರಬಂಧ ಬರೆದರು. ಗ್ಯುತೊ ಮಠದ ಲಾಮಾಗಳ ಪಠಣವನ್ನ ಆಲ್ಬಂ ಮಾಡಿ ಅಮೆರಿಕದವರ ಕಿವಿಗೆ ಮುಟ್ಟಿಸಿದ್ದು ಆಗಲೇ ಹೇಳಿದ ಮಿಕ್ಕಿ ಹಾರ್ಟ್. ನಮ್ಮ ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ಲಾಮಾಗಳೂ ದಶಕಗಳಿಂದ ಅಮೆರಿಕ ಸುತ್ತಿ ಪಠಣ, ನೃತ್ಯ, ಮರಳಿನ ಮಂಡಲ ಮಾಡಿ ತೋರಿಸ್ತಾ ಬಂದಿದ್ದಾರೆ. 2004ರಲ್ಲಿ ಆ ಗಿಟಾರ್ ವಾದಕನ ಕಿವಿಗೆ ಈ ದನಿ ಪೂರ್ತಿ ಹೊಸದಾಗಿರಲಿಲ್ಲ ಅಂತ ನನ್ನ ಊಹೆ. ಅಚ್ಚರಿ ಅನ್ನಿಸಿದ ಗೆಲುವಿನ ಹಿಂದೆಯೂ ಎಷ್ಟೋ ವರ್ಷಗಳ ಓಡಾಟ ಇತ್ತು.

‘ನಿಮ್ಮ ಡ್ರೆಪುಂಗ್‌ಗೂ ಒಂದು ಗ್ರ್ಯಾಮಿ ಬರಬೇಕಿತ್ತಲ್ಲೋ’ ಅಂದೆ.

‘ಅದು ಹಾಡಲ್ಲೋ, ಪೂಜಾ. ಪೂಜಾಕ್ಕ ಯಾರರ ಮಾರ್ಕ್ಸ್ ಕೊಡ್ತಾರೇನು?’ ಅಂದವನು ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮದು ಇರ್ಲಿ. ನಿಮ್ಮ ಕಡೆ ಡಮಾಮಿ ಐತೆಲ್ಲ, ಅದನ್ನ ಯಾವ ಸಾಲಿನಾಗ ಬರೀತಿ?’ ಅಂದ.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಡಮಾಮಿ ಸಿದ್ದಿಗಳ ಡೋಲು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಹಳಿಯಾಳ, ಜೋಯಿಡಾ, ಯಲ್ಲಾಪುರ, ಮುಂಡಗೋಡದ ಮೈನಳ್ಳಿ ಕಡೆ ಇವತ್ತಿಗೂ ಅವರ ಊರುಗಳಿವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಮದುವೆಗೆ, ಹಬ್ಬಕ್ಕೆ ಡಮಾಮಿ ಬಾರಿಸ್ತಾರೆ, ಕುಣೀತಾರೆ. ಉತ್ತರ ಕನ್ನಡದ ಸಿದ್ದಿಗಳನ್ನ ಪರಿಶಿಷ್ಟ ಪಂಗಡ ಅಂತ ಸರ್ಕಾರ ಸೇರಿಸಿಕೊಂಡಿದ್ದೇ 2003ರಲ್ಲಿ. ಅದೂ ಒಂದು ಖಾನೆ, ಅದಕ್ಕೂ ಅಷ್ಟು ವರ್ಷ ಕಾಯಬೇಕಾಯ್ತು.

ಗ್ರ್ಯಾಮಿಯಲ್ಲಿ 2024ರಿಂದ ಆಫ್ರಿಕನ್ ಸಂಗೀತಕ್ಕೆ ಅಂತಲೇ ಕೆಟಗರಿ ಇದೆ. ಮೊದಲ ವರ್ಷ ಗೆದ್ದಿದ್ದು ದಕ್ಷಿಣ ಆಫ್ರಿಕಾದ ಟೈಲಾ. ಆಫ್ರಿಕಾದಿಂದ ಬಂದು ಶತಮಾನಗಳಿಂದ ಕೊಂಕಣಿ, ಕನ್ನಡ, ಮರಾಠಿ ಬೆರೆಸಿ ಹಾಡುವವರ ಡಮಾಮಿ ಆಫ್ರಿಕನ್ನೋ, ಭಾರತದ್ದೋ, ಜಾಗತಿಕವೋ? ಯಾವ ಖಾನೆಗೂ ಸರಿಯಾಗಿ ಕೂರಲ್ಲ. ಅದೂ ಬೇಡ, ಮೊದಲು ಅದು ಆಲ್ಬಂ ಆಗಬೇಕು, ಅಮೆರಿಕದಲ್ಲಿ ಬಿಡುಗಡೆ ಆಗಬೇಕು, ಯಾರೋ ಅರ್ಜಿ ಹಾಕಬೇಕು. ಮದುವೆ ಮನೆ ಅಂಗಳದಲ್ಲಿ ರಾತ್ರಿಯಿಡೀ ಬಾರಿಸಿ ಬೆಳಗ್ಗೆ ಮೊಳೆಗೆ ತೂಗುಹಾಕುವ ಡೋಲಿಗೆ ಯಾರು ಅರ್ಜಿ ಹಾಕ್ತಾರೆ?

ನೀವು 2021ರ ‘ಸಲಗ’ ಸಿನಿಮಾದ ಪ್ರಚಾರಕ್ಕೆ ಬಂದ ಹಾಡು ಕೇಳಿರ್ತೀರಿ. ರೀಲ್ಸಿನಲ್ಲಿ ಕುಣಿದೂ ಇರ್ತೀರಿ. ಅದನ್ನ ಹಾಡಿದ್ದು ಸಿದ್ದಿ ಕಲಾವಿದರು, ಗಿರಿಜಾ ಸಿದ್ದಿ ಅವರಲ್ಲೊಬ್ಬರು. ಸಂಗೀತ ಚರಣ್ ರಾಜ್ ಅವರದ್ದು. ನೋಡಿದಿರಾ, ಇಲ್ಲೂ ಅದೇ ಸೂತ್ರ. ಪಕ್ಕದಲ್ಲಿ ನಮಗೆ ಗೊತ್ತಿರುವ ಹೆಸರು ಇದ್ದಾಗ ನಮಗೂ ಆ ದನಿ ಕೇಳಿಸ್ತು. ಹಳಿಯಾಳದಲ್ಲೇ ಬೆಳೆದ ನನಗೆ ಡಮಾಮಿ ಸರಿಯಾಗಿ ಕಿವಿಗೆ ಬಿದ್ದಿದ್ದು ಕೋರಮಂಗಲದ ಪೀಜಿಯಲ್ಲಿ, ಇಯರ್‌ಫೋನಿನಲ್ಲಿ. ಅಮೆರಿಕದ ಗಿಟಾರ್ ವಾದಕನನ್ನ ಬಯ್ಯೋಕೆ ನನಗೇನು ಹಕ್ಕಿದೆ ಹೇಳಿ.

ಯಾರು ಗೆಲ್ತಾರೆ ಅಂತ ಹೇಳೋದು ಕಷ್ಟ ಅಲ್ಲ. ಹಿಂದಿನ ಲಿಸ್ಟ್ ನೋಡಿ, ಗೊತ್ತಿರೋ ಹೆಸರು ಹುಡುಕಿ, ಆ ವರ್ಷ ಯಾವ ಖಾನೆ ಹೊಸದು, ಯಾವುದು ಮುಚ್ಚಿತು ಅಂತ ನೋಡಿ. ಬಿರಿಯಾನಿ ದುಡ್ಡು ನಿಮ್ಮದೇ. ಡಮಾಮಿ ಇನ್ನು ಇಪ್ಪತ್ತು ವರ್ಷ ಕೇಳಿಸುತ್ತಾ ಅಂತ ಕೇಳಿದರೆ ಮಾತ್ರ ಯಾವ ಲಿಸ್ಟೂ ಉತ್ತರ ಕೊಡಲ್ಲ. ಡ್ರೆಪುಂಗ್ ಲಾಮಾಗಳ ದನಿ ಬುಕ್ಸಾದ ಸೆರೆಮನೆ ದಾಟಿ ಮುಂಡಗೋಡಕ್ಕೆ ಬಂದದ್ದು ಪ್ರಶಸ್ತಿಯ ಬಲದಿಂದಲ್ಲ. ಪ್ರತಿ ಬೆಳಗ್ಗೆ ಹಿರಿಯ ಲಾಮಾ ಹೇಳಿದ್ದನ್ನ ಕೂತು ಹೇಳೋಕೆ ಹುಡುಗರಿದ್ದರು. ಡಮಾಮಿ ಕಲಿಯೋ ಹುಡುಗರು ಈಗ ಹುಬ್ಬಳ್ಳಿಯಲ್ಲಿ, ಗೋವಾದಲ್ಲಿ ಕೆಲಸ ಹುಡುಕ್ತಿರ್ತಾರೆ.

ಈ ಬೇಸಿಗೆಗೆ ಊರಿಗೆ ಹೋಗುವಾಗ ಗೆಳೆಯನೂ ಜೊತೆಗೆ ಬರ್ತಾನಂತೆ. ಮೊದಲು ಕ್ಯಾಂಪು, ಅವನ ಅಮ್ಮನ ಕೈಯ ಮೊಮೊ. ಮಾರನೇ ದಿನ ಮೈನಳ್ಳಿ. ಮೊಬೈಲ್ ಕಿಸೆಯಲ್ಲೇ ಇಟ್ಟು ಮೊದಲು ಕೂತು ಕೇಳೋಣ, ರೆಕಾರ್ಡ್ ಮಾಡೋದು ಅವರು ಒಪ್ಪಿದ ಮೇಲೆ ಅಂತ ಮಾತಾಡ್ಕೊಂಡಿದ್ದೀವಿ.